ಕರಗಿತೋ, ಕರಗಿದಂತೆ ಕಂಡಿತೋ?

ಆರನೇ ತರಗತಿಯ ವಿಜ್ಞಾನ ಪಾಠದಲ್ಲಿ ಇದಕ್ಕಿಂತ ಅಗ್ಗದ ಪ್ರಯೋಗ ಬಹುಶಃ ಇನ್ನೊಂದಿಲ್ಲ. ನಾಲ್ಕೈದು ಗಾಜಿನ ಲೋಟ, ನೀರು, ಒಂದು ಚಮಚ. ಉಪ್ಪು, ಸಕ್ಕರೆ, ಸೀಮೆಸುಣ್ಣದ ಪುಡಿ, ಮರಳು, ಮರದ ಹೊಟ್ಟು ಇವನ್ನು ಒಂದೊಂದು ಲೋಟಕ್ಕೆ ಹಾಕಿ, ಚೆನ್ನಾಗಿ ಕಲಕಿ, ‘ಕರಗುತ್ತದೆ’ ಅಥವಾ ‘ಕರಗುವುದಿಲ್ಲ’ ಎಂದು ಕೋಷ್ಟಕ ತುಂಬಿದರೆ ಆಯಿತು. ಹೆಚ್ಚಿನ ತರಗತಿಗಳಲ್ಲಿ ಪಾಠ ಮುಗಿಯುವುದೂ ಅಲ್ಲಿಗೇ. ಸ್ವಾರಸ್ಯವಿರುವುದು ಮಾತ್ರ ಈ ಎರಡು ಕಾಲಂಗಳಲ್ಲಿ ಸುಲಭವಾಗಿ ಕೂರದ ಪದಾರ್ಥಗಳಲ್ಲಿ.

ಅರಿಶಿನವನ್ನೇ ತೆಗೆದುಕೊಳ್ಳಿ. ಚಿಟಿಕೆ ಹಾಕಿ ಕಲಕಿದರೆ ಇಡೀ ಲೋಟ ಹಳದಿಯಾಗುತ್ತದೆ, ‘ಕರಗಿತು’ ಎಂದು ಬರೆಯಲು ಪೆನ್ಸಿಲ್ ತಾನಾಗಿಯೇ ಓಡುತ್ತದೆ. ಅದನ್ನು ಅಲುಗಾಡಿಸದೆ ಬಿಟ್ಟರೆ ಪುಡಿ ತಳಕ್ಕಿಳಿಯುತ್ತದೆ. ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಇಲ್ಲವೆಂಬಷ್ಟು ಕಡಿಮೆ, ಎಣ್ಣೆಯಲ್ಲಾದರೆ ಕರಗುತ್ತದೆ. ಒಗ್ಗರಣೆಗೆ ಅರಿಶಿನ ಬಿದ್ದ ಕೂಡಲೇ ಎಣ್ಣೆಯೇ ಬಣ್ಣ ತಿರುಗುವುದು ಇದರಿಂದ.

ಹಾಲು ಇನ್ನೂ ಜಾಣ. ಎಷ್ಟು ಹೊತ್ತು ಬಿಟ್ಟರೂ ತಳದಲ್ಲಿ ಗಸಿ ಕೂರುವುದಿಲ್ಲ. ಇಲ್ಲಿ ಕತ್ತಲೆ ಕೋಣೆಯೂ ಒಂದು ಟಾರ್ಚೂ ಬೇಕು. ಉಪ್ಪು ನೀರಿನ ಮೂಲಕ ಬೆಳಕು ಹಾಯಿಸಿದರೆ ಅದರ ಜಾಡು ಕಾಣುವುದಿಲ್ಲ. ಕೆಲವು ಹನಿ ಹಾಲು ಬೆರೆಸಿದ ನೀರಿನಲ್ಲಿ ಜಾಡು ಎದ್ದು ಕಾಣುತ್ತದೆ. ಹಾಲಿನ ಕೊಬ್ಬು, ಪ್ರೋಟೀನಿನ ಕಣಗಳು ಬೆಳಕನ್ನು ಚದುರಿಸುವಷ್ಟು ದೊಡ್ಡವು. ಉಪ್ಪು ಹಾಗಲ್ಲ. ನೀರಿನ ಅಣುವಿನ ಒಂದು ಬದಿಯಲ್ಲಿ ತುಸು ಋಣ ವಿದ್ಯುದಂಶ, ಇನ್ನೊಂದು ಬದಿಯಲ್ಲಿ ತುಸು ಧನ ವಿದ್ಯುದಂಶ ಇರುತ್ತದೆ. ಈ ಅಣುಗಳು ಉಪ್ಪಿನ ಹರಳನ್ನು ಮುತ್ತಿಕೊಂಡು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳನ್ನು ಬಿಡಿಬಿಡಿಯಾಗಿ ಎಳೆದೊಯ್ಯುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಹಾಗೆ ಹಿಡಿದೆಳೆಯಲು ಹೇಳಿಕೊಳ್ಳುವಂಥ ವಿದ್ಯುದಂಶವಿಲ್ಲ, ಅದು ಮೇಲೆ ತೇಲಿಕೊಂಡೇ ಇರುತ್ತದೆ.

ಕರಗುವುದಕ್ಕೂ ಒಂದು ಮಿತಿಯುಂಟು. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಹಾಕಿದ್ದು ಎಷ್ಟು ಕಲಕಿದರೂ ತಳದಲ್ಲೇ. ಅಷ್ಟೇ ನೀರಿಗೆ ಸಕ್ಕರೆ ಹಾಕಿದರೆ ಸುಮಾರು 200 ಗ್ರಾಂ ಹಿಡಿಸುತ್ತದೆ! ಅಡುಗೆ ಸೋಡಾ 10 ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಿದರೆ ಉಪ್ಪಿನ ಪ್ರಮಾಣ 39 ಗ್ರಾಂ ಮುಟ್ಟಿದರೆ ಹೆಚ್ಚು. ಸಕ್ಕರೆಯದು 480 ಗ್ರಾಂ ದಾಟುತ್ತದೆ. ಜಾಮೂನಿನ ಪಾಕಕ್ಕೆ ಒಲೆ ಹಚ್ಚುವವರಿಗೆ ಈ ಲೆಕ್ಕ ಕೈ ಅಳತೆಯಲ್ಲೇ ಗೊತ್ತು. ‘ಬಿಸಿ ಮಾಡಿದರೆ ಎಲ್ಲವೂ ಹೆಚ್ಚು ಕರಗುತ್ತದೆ’ ಎಂಬ ಸೂತ್ರವನ್ನು ಕೆಡಿಸಲು ಎಲೆಯಡಿಕೆ ತಟ್ಟೆಯ ಸುಣ್ಣವಿದೆ. ತಣ್ಣೀರಿನಲ್ಲಿ ಕರಗುವುದಕ್ಕಿಂತ ಬಿಸಿ ನೀರಿನಲ್ಲಿ ಅದು ಕರಗುವುದು ಕಡಿಮೆ. ಕದಡಿದ ಸುಣ್ಣದ ನೀರು ತಿಳಿಯಾದ ಮೇಲೆ ಆ ತಿಳಿಯನ್ನು ಬಸಿದು ಕಾಯಿಸಿದರೆ ಮತ್ತೆ ಮಬ್ಬಾಗುತ್ತದೆ. (ಈ ಕೆಲಸ ಶಿಕ್ಷಕರೇ ಮಾಡುವುದು ಒಳ್ಳೆಯದು, ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ.)

ಕರಗಿದ್ದು ಕಳೆದುಹೋಗುವುದಿಲ್ಲ ಎಂಬುದಕ್ಕೆ ತಕ್ಕಡಿಯೇ ಸಾಕ್ಷಿ: 100 ಗ್ರಾಂ ನೀರಿಗೆ 10 ಗ್ರಾಂ ಉಪ್ಪು ಸೇರಿದರೆ 110 ಗ್ರಾಂ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಇದೇ ಪ್ರಯೋಗ ತಿರುವುಮುರುವಾಗಿ ನಡೆಯುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನೀರನ್ನು ಬಿಸಿಲು ಒಯ್ಯುತ್ತದೆ, ಉಪ್ಪು ಮಡಿಯಲ್ಲಿ ಉಳಿಯುತ್ತದೆ.

ಶಾಲೆಯಲ್ಲಿ ಇದನ್ನು ಮುಂದುವರಿಸಲು ಎರಡು ಗಾಜಿನ ಚೂರು ಸಾಕು. ಒಂದರ ಮೇಲೆ ಶುದ್ಧ ಮಳೆನೀರಿನ ಹನಿ, ಇನ್ನೊಂದರ ಮೇಲೆ ಬೋರ್‌ವೆಲ್ ನೀರಿನ ಹನಿ ಇಟ್ಟು ಒಣಗಿಸಬೇಕು. ಗಡಸು ನೀರಿನ ಊರಾದರೆ ಎರಡನೆಯದರಲ್ಲಿ ಬಿಳಿ ಕಲೆ ಕಾಣುತ್ತದೆ, ನೀರು ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಬಿಳಿ ಪದರದ ತಮ್ಮನಂತೆ. ತಿಳಿ ನೀರೆಂದರೆ ಏನೂ ಇಲ್ಲದ ನೀರಲ್ಲ. ಪಾವಗಡ, ಕೋಲಾರದಂಥ ಕಡೆ ಅಂತರ್ಜಲದ ಸಮಸ್ಯೆಯಾಗಿರುವ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದಲ್ಲಿ 1.5. ಇಷ್ಟನ್ನು ಕಣ್ಣು ಹಿಡಿಯಲಾರದು, ಬಟ್ಟೆಯಲ್ಲಿ ಸೋಸಿದರೆ ನಿಲ್ಲದು. ಕುದಿಸಿದರಂತೂ ಆಗರದಲ್ಲಿ ಆದದ್ದೇ ಪಾತ್ರೆಯಲ್ಲೂ ಆಗುತ್ತದೆ: ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ.