ನಿಮಗಿದು ಗೊತ್ತೆ? ಅತಿಯಾದ ಮುಟ್ಟಿನ ಹಿಂದೆ ರಕ್ತದ ಕಾಯಿಲೆಯೂ ಇರಬಹುದು

ಮೈನೆರೆದ ಮೊದಲ ಒಂದೆರಡು ವರ್ಷ ಮುಟ್ಟಿನ ದಿನ ಹಿಂದುಮುಂದಾಗುವುದು ಸಹಜ. 21ರಿಂದ 45 ದಿನಗಳ ಅಂತರವಿದ್ದರೂ ಗಾಬರಿ ಬೇಡ. ಆದರೆ ಸ್ರಾವ ಏಳು ದಿನ ದಾಟಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗಿ ಬಂದರೆ ಸುಮ್ಮನಿರಬಾರದು. ರಕ್ತ ಬೇಗ ನಿಲ್ಲದ ಒಂದು ಕಾಯಿಲೆ ಅದಕ್ಕೆ ಕಾರಣವಿರಬಹುದು.

ಫಿನ್ಲೆಂಡಿನ ಓಲಂಡ್ ದ್ವೀಪದ ಒಂದು ಕುಟುಂಬದಲ್ಲಿ ಹಲವರಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಆ ಮನೆಯ ಪುಟ್ಟ ಹುಡುಗಿಯನ್ನು ಪರೀಕ್ಷಿಸಿದ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದರು. ಹುಡುಗಿ ಮುಂದೆ ಹದಿಹರೆಯದಲ್ಲಿ, ತನ್ನ ನಾಲ್ಕನೇ ಮುಟ್ಟಿನಲ್ಲೇ ರಕ್ತ ನಿಲ್ಲದೆ ತೀರಿಕೊಂಡಳು. ಕಾಯಿಲೆಗೆ ಇಂದಿಗೂ ಆ ವೈದ್ಯರದೇ ಹೆಸರು.

ಗಾಯವಾದಾಗ ಪ್ಲೇಟ್‌ಲೆಟ್‌ಗಳನ್ನು ರಕ್ತನಾಳದ ಗೋಡೆಗೆ ಅಂಟಿಸುವ ಒಂದು ಪ್ರೋಟೀನ್ ಈ ಕಾಯಿಲೆ ಇರುವವರಲ್ಲಿ ಕಡಿಮೆ ಇರುತ್ತದೆ, ಇಲ್ಲವೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಪದೇಪದೇ ಮೂಗಿನಲ್ಲಿ ರಕ್ತ, ಹಲ್ಲು ಕೀಳಿಸಿದ ಮೇಲೆ ನಿಲ್ಲದ ರಕ್ತ, ಸಣ್ಣ ಪೆಟ್ಟಿಗೂ ಮೈ ಕಂದುಗಟ್ಟುವುದು ಇದರ ಸುಳಿವುಗಳು. ಕಾಯಿಲೆ ವಂಶಪಾರಂಪರ್ಯವಾದ್ದರಿಂದ, ‘ನನಗೂ ಹೀಗೇ ಆಗ್ತಿತ್ತು ಕಣೇ’ ಎಂದು ಅಮ್ಮ ಸಮಾಧಾನ ಹೇಳಿ ಸುಮ್ಮನಾಗಿಬಿಡುತ್ತಾಳೆ. ನಿಜಕ್ಕೂ ಆ ಮಾತೇ ವೈದ್ಯರಿಗೆ ಮುಖ್ಯ ಸುಳಿವು!

ರಕ್ತಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು. ಟ್ರಾನೆಕ್ಸಾಮಿಕ್ ಆಮ್ಲದಂಥ ಮಾತ್ರೆಗಳು ಸ್ರಾವ ತಗ್ಗಿಸುತ್ತವೆ. ರಕ್ತಹೀನತೆ ಇದ್ದರೆ ಕಬ್ಬಿಣಾಂಶದ ಮಾತ್ರೆಯೂ ಬೇಕು. ಹೊಟ್ಟೆನೋವಿಗೆಂದು ಆಸ್ಪಿರಿನ್ ನುಂಗಬೇಡಿ, ಅದು ಸ್ರಾವ ಹೆಚ್ಚಿಸುತ್ತದೆ. ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ಗಳು ಹದಿಹರೆಯದವರಿಗಾಗಿಯೇ ಇವೆ. ಸಂಕೋಚ ಬಿಟ್ಟು, ಮುಟ್ಟಿನ ದಿನಗಳನ್ನು ಬರೆದುಕೊಂಡು ಹೋಗಿ ತೋರಿಸಿ.