ದುಡಿಯುವ ಎತ್ತಿನ ಶಕ್ತಿಸಂಗ್ರಹವೂ ಅದರ ವ್ಯಯವೂ

ಒಂದು ದಿನ ಮಿತಿಮೀರಿ ದುಡಿದ ಎತ್ತು ಮರುದಿನ ನೊಗಕ್ಕೆ ಹೆಗಲು ಕೊಡಲು ಹಿಂದೆಗೆಯುವುದನ್ನು ಗ್ರಾಮಪ್ರಮುಖರೂ ಜಮೀನುದಾರರೂ ನೋಡಿಯೇ ಇರುವರು. ಇದನ್ನು ಮೈಗಳ್ಳತನವೆಂದು ಬಗೆದು ಬಾರುಕೋಲಿನಿಂದ ತಿದ್ದಲು ಹೊರಡುವವರೇ ಹೆಚ್ಚು. ಕಾರಣವಾದರೋ ಎತ್ತಿನ ಮಾಂಸಖಂಡಗಳಲ್ಲಿಯೇ ಇರುವುದು.

ಪ್ರಾಣಿಶರೀರದಲ್ಲಿ ಗ್ಲೈಕೋಜನ್ ಎಂಬ, ಪಿಷ್ಟವನ್ನು ಹೋಲುವ ಪದಾರ್ಥವೊಂದು ಸಂಗ್ರಹವಾಗಿರುವುದು. ಫ್ರಾನ್ಸ್ ದೇಶದ ಕ್ಲಾಡ್ ಬರ್ನಾರ್ಡ್ ಎಂಬ ವಿದ್ವಾಂಸನು 1857ರಲ್ಲಿ ಇದನ್ನು ಯಕೃತ್ತಿನಿಂದ ಬೇರ್ಪಡಿಸಿದನು. ಮೇದು ದಣಿವಾರಿಸಿಕೊಂಡ ಎತ್ತಿನ ಮಾಂಸಖಂಡದಲ್ಲಿಯೂ ಇದು ನೂರಕ್ಕೆ ಒಂದೆರಡು ಪಾಲು ಮಾತ್ರ. ಸಮನೆಲದಲ್ಲಿ ನಿಧಾನವಾಗಿ ನಡೆಯುವಾಗ ಕೊಬ್ಬು ಮೊದಲಾದವುಗಳಿಂದ ಬಹುಪಾಲು ಶಕ್ತಿ ದೊರೆಯುವುದರಿಂದ ಈ ಸಂಗ್ರಹವು ಮೆಲ್ಲಗೆ ಕರಗುವುದು. ಭಾರದ ಗಾಡಿಯನ್ನು ದಿಣ್ಣೆ ಹತ್ತಿಸುವಾಗಲೂ, ಕೆಸರಿನಲ್ಲಿ ಹೂತ ಚಕ್ರವನ್ನು ಎಳೆಯುವಾಗಲೂ, ಓಟದಲ್ಲಿ ಅಟ್ಟುವಾಗಲೂ ಬಹುಬೇಗನೆ ಬರಿದಾಗುವುದು.

1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಎಂಬವರು ಒಂದೇ ಕಾಲಿನಿಂದ ಸೈಕಲ್ ತುಳಿಸುವ ಪರೀಕ್ಷೆ ನಡೆಸಿದರು. ದಣಿದ ಕಾಲಿನ ಸಂಗ್ರಹವು ಕುಗ್ಗಿತು; ಸುಮ್ಮನಿದ್ದ ಕಾಲಿನದು ಹಾಗೆಯೇ ಉಳಿಯಿತು. ಒಂದು ಮಾಂಸಖಂಡದ ಗಂಟು ಇನ್ನೊಂದಕ್ಕೆ ಸಾಲವಾಗಿ ಹೋಗದೆಂದು ತಿಳಿಯತಕ್ಕದ್ದು. ಮೈ ತುಂಬಿಕೊಂಡಿದ್ದರೂ ಎಳೆದ ತೊಡೆ ಸೋತಿರಬಹುದು.

ಕಳೆದುದು ಮತ್ತೆ ತುಂಬುವ ಬಗೆಯೇ ಇಲ್ಲಿ ಮುಖ್ಯ ವಿಷಯ. ಅನ್ನಾಹಾರ ಚೆನ್ನಾಗಿ ಉಂಡ ಮನುಷ್ಯನಿಗೆ ಸುಮಾರು ಒಂದು ದಿನ ಸಾಕು. ಕುದುರೆಗೆ ಎರಡು ಮೂರು ದಿನ. ದನಗಳಿಗೆ ಅದಕ್ಕೂ ಹೆಚ್ಚು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಆಮ್ಲಗಳನ್ನಾಗಿ ಮಾಡುವುದರಿಂದ ಸಕ್ಕರೆಯು ನೇರವಾಗಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಪ್ರೊಪಿಯಾನಿಕ್ ಆಮ್ಲವೇ ಮೊದಲಾದವುಗಳಿಂದ ಯಕೃತ್ತು ಅದನ್ನು ಹೊಸದಾಗಿ ತಯಾರಿಸಬೇಕು. ಒಣಹುಲ್ಲೊಂದರಿಂದಲೇ ಈ ಆಮ್ಲವು ಸಾಕಷ್ಟು ಒದಗದು. ಆದಕಾರಣ “ರಾತ್ರಿಯೆಲ್ಲ ಮೇದಿದೆಯಲ್ಲಾ” ಎಂಬ ವಾದವು ನಿಲ್ಲತಕ್ಕದ್ದಲ್ಲ.

ಹಾಗೆಂದು ಹುರುಳಿಯನ್ನೋ ಜೋಳವನ್ನೋ ಒಮ್ಮೆಗೇ ರಾಶಿ ಸುರಿಯುವುದು ಅಪಾಯಕರ. ರೂಢಿಯಿಲ್ಲದ ಎತ್ತಿನ ಹೊಟ್ಟೆ ಹುಳಿಯೇರಿ ಪ್ರಾಣಕ್ಕೇ ಮುಪ್ಪಾದೀತು. ಕಾಳನ್ನೂ ಹಿಂಡಿಯನ್ನೂ ಹಸಿಮೇವಿನೊಡನೆ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ನೀರು ಕುಡಿಸಿ, ಮೆಲುಕಿಗೆ ನೆರಳಿನಲ್ಲಿ ಬಿಡುವು ಕೊಡಬೇಕು. ಕಠಿಣ ದುಡಿಮೆಯ ಬಳಿಕ ಎರಡು ಮೂರು ದಿನ ಹಗುರವಾದ ಕೆಲಸವನ್ನೇ ಹಚ್ಚುವುದು ಲೇಸು. ಬಿತ್ತನೆಯ ಹದ ಸಮೀಪಿಸಿರುವಾಗ ಬಾಡಿಗೆಯ ಆಸೆಗೆ ಎತ್ತುಗಳನ್ನು ದೂರದ ಗಾಡಿಕೆಲಸಕ್ಕೆ ಕಳುಹಿಸುವವರು, ಮಳೆ ಬಿದ್ದ ಬೆಳಿಗ್ಗೆ ಹದವಾದ ಹೊಲದಲ್ಲಿ ಸೋತ ಜೋಡಿಯನ್ನು ನಿಲ್ಲಿಸಿಕೊಳ್ಳುವರು. ಆ ಹದವು ಎತ್ತು ಚೇತರಿಸುವವರೆಗೆ ಕಾದಿರುವುದಿಲ್ಲ.