ಮಳೆಗಾಲದ ಭಾನುವಾರ, ಒಬ್ಬರೇ ಇರುವ ಮನೆ

ಕಾರವಾರದಲ್ಲಿ ಕೆಲಸ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ವಾಸ, ಹೊರಗೆ ಬಿಡದ ಮಳೆ. ವಾರದ ಬಟ್ಟೆ ಬಕೆಟ್ಟಿನಲ್ಲೇ ಮುಗ್ಗು ವಾಸನೆ ಹಿಡಿದಿದೆಯೇ? ಮೊದಲು ಅದನ್ನೇ ಮುಗಿಸಿ. ಮಳೆಗಾಲದ ಕರಾವಳಿಯಲ್ಲಿ ಗಾಳಿಯೇ ತೇವದಿಂದ ತುಂಬಿರುತ್ತದೆ, ಬಟ್ಟೆಯ ನೀರನ್ನು ಬೇಗ ಹೀರುವುದಿಲ್ಲ. ಅದಕ್ಕೇ ಗಟ್ಟಿಯಾಗಿ ಹಿಂಡಿ, ಒಂದಕ್ಕೊಂದು ತಾಗದಂತೆ ಹರವಿ, ಫ್ಯಾನ್ ಹಾಕಿ. ಗಾಳಿ ಓಡಾಡಿದರೆ ಬಿಸಿಲಿಲ್ಲದೆಯೂ ಒಣಗುತ್ತದೆ.

ಈಗ ಗಂಜಿ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು. ಧಾರಾಳ ನೀರು ಹಾಕಿ, ಕುಕ್ಕರ್ ಕೂಗಿಸಿ, ಒಲೆ ಆರಿಸಿಬಿಡಿ. ಒಳಗಿನ ಬಿಸಿಗೇ ಅಕ್ಕಿ ಅರಳಲಿ. ಅಷ್ಟರಲ್ಲಿ ಪಾತ್ರೆ ತೊಳೆದು ನೆಲ ಒರೆಸಿ.

ಇನ್ನು ಗಂಜಿಗೆ ನೆಂಚಿಕೊಳ್ಳಲು ಏನು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ತಾಜಾ ಮೀನು ಅಪರೂಪ. ಆದರೆ ಕಾರವಾರದ ಭಾನುವಾರದ ಸಂತೆಯಲ್ಲಿ, ಅಂಕೋಲೆಯ ಪೇಟೆಯಲ್ಲಿ ಒಣಸಿಗಡಿ ನೋಡಿ. ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಸೆ ಸೇರಿಸಿ ಅರೆದರೆ ಆ ಗಂಜಿಗೆ ಬೇರೇನೂ ಬೇಡ! ಮೀನು ತಿನ್ನದವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಇದೆ.

ಒಬ್ಬರಿಗಾಗಿ ಇಷ್ಟೆಲ್ಲ ಯಾಕೆ ಅನ್ನಬೇಡಿ. ನೀವು ಉಣ್ಣುವುದೂ ಊಟವೇ. ಸಿಗಡಿಯನ್ನು ಸ್ವಲ್ಪವೇ ಕೊಳ್ಳಿ, ತೇವ ತಾಗದಂತೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ಮುಂದಿನ ವಾರಕ್ಕೂ ಬರುತ್ತದೆ.